ವಿದ್ಯಾರ್ಥಿ ವಾದಿಸುವ ಸರದಿ ಯಾವಾಗ?

ಚುನಾವಣಾ ಕರ್ತವ್ಯವೋ ಮಳೆಯ ರಜೆಯೋ ಬಂದು ಪದವಿ ಕಾಲೇಜೊಂದರಲ್ಲಿ ಎರಡು ವಾರದ ತರಗತಿಗಳು ತಪ್ಪಿಹೋದವು ಎಂದಿಟ್ಟುಕೊಳ್ಳಿ. ಪರೀಕ್ಷೆಯ ದಿನ ಮಾತ್ರ ಕದಲುವುದಿಲ್ಲ. ಸ್ಟಾಫ್ ರೂಮಿನಲ್ಲಿರುವ ಎಲ್ಲರ ಮುಂದೆಯೂ ಈಗ ಒಂದೇ ಪ್ರಶ್ನೆ: ಯಾವುದನ್ನು ಬಿಡುವುದು? ಇತಿಹಾಸದ ಅಧ್ಯಾಪಕರು ಒಂದು ರಾಜವಂಶವನ್ನು ಅರ್ಧ ಗಂಟೆಯಲ್ಲಿ ಮುಗಿಸಿ ಮುಂದಕ್ಕೆ ಹೋಗಬಲ್ಲರು. ಇಂಗ್ಲಿಷ್‌ನವರು ಎರಡು ಕವಿತೆಗಳನ್ನು ಕೈಬಿಟ್ಟರೂ ಉಳಿದ ಕವಿತೆಗಳಿಗೆ ಏನೂ ಆಗುವುದಿಲ್ಲ. ಗಣಿತದವರಿಗೆ ಈ ಅನುಕೂಲವಿಲ್ಲ. ಲಿಮಿಟ್ ಹೇಳದೆ ಡಿಫರೆನ್ಷಿಯೇಷನ್ ಹೇಳುವಂತಿಲ್ಲ, ಅದನ್ನು ಬಿಟ್ಟರೆ ಮುಂದಿನ ಸೆಮಿಸ್ಟರೇ ಕುಸಿಯುತ್ತದೆ. ಅವರು ಬೆಳಗ್ಗೆ ಎಂಟಕ್ಕೆ ಸ್ಪೆಷಲ್ ಕ್ಲಾಸ್ ಹಾಕುತ್ತಾರೆ.

ಒಂದೇ ಕಾಲೇಜು, ಒಂದೇ ಗಂಟೆ, ಒಂದೇ ಬಗೆಯ ಕಪ್ಪುಹಲಗೆ. ಆದರೂ ಕೋರ್ಸಿನ ಒಳಗಿನ ಕಟ್ಟಡ ಬೇರೆ ಬೇರೆ. ಅಧ್ಯಾಪಕರ ಸ್ವಭಾವದಿಂದ ಈ ವ್ಯತ್ಯಾಸ ಬಂದಿಲ್ಲ. ಅವರು ಪಳಗಿದ ಜ್ಞಾನಶಿಸ್ತಿನಿಂದ ಬಂದಿದೆ. ಯಾವುದು ಮೊದಲು, ಯಾವುದು ಆಮೇಲೆ, ಯಾವುದನ್ನು ಬಿಟ್ಟರೂ ನಡೆದೀತು, ಯಾವುದಕ್ಕೆ ಅಂಕ ಕೊಡಬೇಕು ಎಂಬುದನ್ನೆಲ್ಲ ಶಿಸ್ತು ಮೊದಲೇ ತೀರ್ಮಾನಿಸಿರುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯನ್ನೂ ಅದೇ ತೀರ್ಮಾನಿಸುತ್ತದೆ: ಮುಂದೆ ಕುಳಿತ ಹದಿನೆಂಟರ ಹುಡುಗಿ ಸ್ವಂತ ಅಭಿಪ್ರಾಯ ಹೇಳಲು ಯಾವ ದಿನ ಅರ್ಹಳಾಗುತ್ತಾಳೆ? ಸಾಹಿತ್ಯದ ತರಗತಿಯಲ್ಲಿ ಮೊದಲ ವಾರವೇ ‘ನಿನಗೆ ಏನನ್ನಿಸಿತು’ ಎಂದು ಕೇಳುತ್ತಾರೆ. ಭೌತಶಾಸ್ತ್ರದಲ್ಲಿ ಆ ಪ್ರಶ್ನೆ ಬರುವ ಹೊತ್ತಿಗೆ ಆಕೆ ಪಿಎಚ್‌.ಡಿ. ಮಾಡುತ್ತಿರಬಹುದು.

ಕೋರ್ಸು ಹೀಗೆ ರೂಪುಗೊಳ್ಳಬೇಕು ಎಂದು ಶಿಕ್ಷಣತಜ್ಞರು ಹೇಳಿದ್ದೇ ಬೇರೆ. 1949ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ರಾಲ್ಫ್ ಟೈಲರ್ ಪಠ್ಯಕ್ರಮ ರಚನೆಯ ಕುರಿತು ಒಂದು ಪುಟ್ಟ ಪುಸ್ತಕ ಪ್ರಕಟಿಸಿದರು. ಮೊದಲು ಗುರಿಯನ್ನು ಬರೆದುಕೊಳ್ಳಿ, ಆಮೇಲೆ ಗುರಿ ಮುಟ್ಟಿಸುವ ಕಲಿಕೆಯ ಅನುಭವಗಳನ್ನು ಆರಿಸಿ, ಜೋಡಿಸಿ, ಕೊನೆಗೆ ಮೌಲ್ಯಮಾಪನ ಮಾಡಿ ಎಂಬುದು ಅದರ ಸಾರ. ಜಗತ್ತಿನಾದ್ಯಂತ ಶಿಕ್ಷಣ ಇಲಾಖೆಗಳು ಇಂದಿಗೂ ಈ ದಾರಿಯನ್ನೇ ಹಿಡಿದಿವೆ. 1980ರ ದಶಕದ ಕೊನೆಯಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಜೋನ್ ಸ್ಟಾರ್ಕ್ ಮತ್ತು ಅವರ ಸಂಗಡಿಗರು ಅಮೆರಿಕದ ಕಾಲೇಜು ಅಧ್ಯಾಪಕರ ಬಳಿಗೇ ಹೋಗಿ, ಪ್ರಾರಂಭಿಕ ಕೋರ್ಸುಗಳನ್ನು ನಿಜವಾಗಿ ಹೇಗೆ ಯೋಜಿಸುತ್ತೀರಿ ಎಂದು ವಿಚಾರಿಸಿದರು. ಬಹುಪಾಲು ಮಂದಿ ಗುರಿಯಿಂದ ಶುರು ಮಾಡುತ್ತಲೇ ಇರಲಿಲ್ಲ. ವಿಷಯವಸ್ತುವಿನಿಂದ ಶುರು ಮಾಡುತ್ತಿದ್ದರು. ಆ ವಸ್ತುವನ್ನು ಹೇಗೆ ಜೋಡಿಸಬೇಕೆಂಬುದನ್ನು ತಮ್ಮ ಶಿಸ್ತು ಕಲಿಸಿದ ದೃಷ್ಟಿಯಿಂದಲೇ ನಿರ್ಧರಿಸುತ್ತಿದ್ದರು. ಬೋಧನಾಶಾಸ್ತ್ರದ ಪುಸ್ತಕಗಳಿಗಿಂತ ತಾವು ವಿದ್ಯಾರ್ಥಿಗಳಾಗಿ ಕುಳಿತಿದ್ದ ತರಗತಿಗಳೇ ಅವರಿಗೆ ಮಾದರಿಯಾಗಿದ್ದವು.

ಶಿಸ್ತುಗಳ ನಡುವಿನ ಈ ಅಂತರವನ್ನು ಅಳೆಯುವ ಯತ್ನ ಅದಕ್ಕೂ ಮೊದಲೇ ನಡೆದಿತ್ತು. 1973ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಆಂಟನಿ ಬಿಗ್ಲನ್, ಪ್ರಾಧ್ಯಾಪಕರೇ ತಮ್ಮ ವಿಷಯಗಳ ಹೋಲಿಕೆಯನ್ನು ಹೇಗೆ ಗುರುತಿಸುತ್ತಾರೆಂದು ನೋಡಿ, ಎಲ್ಲರೂ ಒಪ್ಪಿದ ಒಂದೇ ಚೌಕಟ್ಟು ಇರುವ ವಿಷಯಗಳು ಮತ್ತು ಅದಿಲ್ಲದವು, ಶುದ್ಧ ಮತ್ತು ಅನ್ವಯಿಕ, ಜೀವಿಗಳ ಕುರಿತಾದವು ಮತ್ತು ಅಲ್ಲದವು ಎಂದು ವಿಂಗಡಿಸಿದರು. 1989ರಲ್ಲಿ ಬ್ರಿಟನ್ನಿನ ಟೋನಿ ಬೆಚರ್ 12 ಶಿಸ್ತುಗಳ 200ಕ್ಕೂ ಹೆಚ್ಚು ವಿದ್ವಾಂಸರನ್ನು ಮಾತಾಡಿಸಿ ಬರೆದ ಪುಸ್ತಕದಲ್ಲಿ ಅವರನ್ನು ಬುಡಕಟ್ಟುಗಳೆಂದೇ ಕರೆದರು. ಪ್ರತಿ ಬುಡಕಟ್ಟಿಗೂ ತನ್ನದೇ ಭಾಷೆ, ಹಿರಿಯರು, ಗಡಿ, ದೀಕ್ಷೆ. ಪದವಿ ಕೋರ್ಸು ಎಂಬುದು ಆ ದೀಕ್ಷೆಯ ಮೊದಲ ಹಂತ.

ಭೌತಶಾಸ್ತ್ರದ ದೀಕ್ಷೆಯನ್ನು ವಿಜ್ಞಾನದ ಇತಿಹಾಸಕಾರ ಥಾಮಸ್ ಕೂನ್‌ರಷ್ಟು ಸ್ಪಷ್ಟವಾಗಿ ವಿವರಿಸಿದವರು ಕಡಿಮೆ. ಸಂಗೀತ, ಚಿತ್ರಕಲೆ, ಸಾಹಿತ್ಯ ಕಲಿಯುವವರು ಹಿಂದಿನವರ ಕೃತಿಗಳನ್ನೇ ನೇರವಾಗಿ ಎದುರುಗೊಳ್ಳುತ್ತಾರೆ. ವಿಜ್ಞಾನದ ವಿದ್ಯಾರ್ಥಿಗೆ ಸಂಶೋಧನೆಗೆ ಇಳಿಯುವವರೆಗೂ ಪಠ್ಯಪುಸ್ತಕವೇ ಜಗತ್ತು. ನ್ಯೂಟನ್‌ನನ್ನು ಓದದೆಯೇ ನ್ಯೂಟನ್‌ನ ಲೆಕ್ಕ ಬಿಡಿಸಲು ಕಲಿಯುತ್ತಾನೆ. ಪಾಠದ ಕೊನೆಯ ಲೆಕ್ಕಗಳನ್ನು ಒಂದರ ಮೇಲೊಂದು ಬಿಡಿಸುತ್ತಾ ಹೋದಾಗಲೇ ಒಂದು ಹೊಸ ಸಂದರ್ಭವನ್ನು ಹಳೆಯದರಂತೆ ಕಾಣುವ ಕಣ್ಣು ಅವನಿಗೆ ಬರುತ್ತದೆ. 1962ರ ತಮ್ಮ ಪ್ರಸಿದ್ಧ ಗ್ರಂಥ ‘ವೈಜ್ಞಾನಿಕ ಕ್ರಾಂತಿಗಳ ರಚನೆ’ಯಲ್ಲಿ ಕೂನ್ ಹೇಳಿದ್ದು ಇದು. ಇದನ್ನು ಅವರು ದೋಷವೆಂದು ಹೇಳಲಿಲ್ಲ. ಈ ಬಿಗಿಯಾದ ತರಬೇತಿಯೇ ವಿಜ್ಞಾನಕ್ಕೆ ಅಷ್ಟು ಬಲ ಕೊಡುತ್ತದೆ ಎಂಬುದು ಅವರ ನಿಲುವು.

ಆ ಗ್ರಂಥದ ಬೇರು ಕೂಡ ಒಂದು ಪದವಿ ಕೋರ್ಸಿನಲ್ಲಿದೆ. ಎರಡನೇ ಮಹಾಯುದ್ಧದ ನಂತರ ಹಾರ್ವರ್ಡ್‌ನ ಅಧ್ಯಕ್ಷ, ಸ್ವತಃ ರಸಾಯನಶಾಸ್ತ್ರಜ್ಞ ಜೇಮ್ಸ್ ಕೊನಾಂಟ್, ವಿಜ್ಞಾನದ ಹೊರಗಿನ ವಿದ್ಯಾರ್ಥಿಗಳಿಗೆ ವಿಜ್ಞಾನವನ್ನು ಇತಿಹಾಸದ ಪ್ರಸಂಗಗಳ ಮೂಲಕ ಕಲಿಸುವ ಕೋರ್ಸೊಂದನ್ನು ಕಟ್ಟಿದರು. ಅದಕ್ಕೆ ನೆರವಾಗಲು ಬಂದ ತರುಣ ಕೂನ್ ಆಗ ಭೌತಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದವರು. ಪಾಠದ ತಯಾರಿಗೆಂದು 1947ರಲ್ಲಿ ಅರಿಸ್ಟಾಟಲ್‌ನ ಭೌತಶಾಸ್ತ್ರ ಓದಲು ಕುಳಿತರೆ ಅದು ಬರೀ ತಪ್ಪುಗಳ ಮೂಟೆಯಂತೆ ಕಂಡಿತು. ಅಷ್ಟು ದೊಡ್ಡ ಬುದ್ಧಿವಂತ ಇಷ್ಟು ತಪ್ಪುಗಳನ್ನು ಮಾಡಲು ಹೇಗೆ ಸಾಧ್ಯ ಎಂದು ತಲೆಕೆಡಿಸಿಕೊಂಡಾಗ ಹೊಳೆದದ್ದು: ಅರಿಸ್ಟಾಟಲ್ ಕೇಳುತ್ತಿದ್ದ ಪ್ರಶ್ನೆಯೇ ಬೇರೆ, ಅವನಿಗೆ ಚಲನೆ ಎಂದರೆ ಎಲ್ಲ ಬಗೆಯ ಬದಲಾವಣೆ. ಒಂದು ಶಿಸ್ತಿನ ವಸ್ತುವನ್ನು ಇನ್ನೊಂದು ಶಿಸ್ತಿನ ರೀತಿಯಲ್ಲಿ ಕಲಿಸಲು ಹೊರಟದ್ದರಿಂದ ಇಪ್ಪತ್ತನೇ ಶತಮಾನದ ಮಹತ್ವದ ಚಿಂತನೆಯೊಂದು ಹುಟ್ಟಿತು.

ಲೆಕ್ಕ ಬಿಡಿಸುವ ದೀಕ್ಷೆಗೆ ಒಂದು ಕುರುಡು ಬದಿಯೂ ಇದೆ. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಇಬ್ರಾಹಿಂ ಹಲ್ಲೂನ್ ಮತ್ತು ಡೇವಿಡ್ ಹೆಸ್ಟೀನ್ಸ್ 1985ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸೂತ್ರವಿಲ್ಲದ ಸರಳ ಪ್ರಶ್ನೆಗಳನ್ನು ಕೇಳಿದರೆ, ಕೋರ್ಸು ಮುಗಿಸಿದ ವಿದ್ಯಾರ್ಥಿಗಳಲ್ಲಿಯೂ ಬಲ ಮತ್ತು ಚಲನೆಯ ಕುರಿತ ಹಳೆಯ ತಪ್ಪು ಕಲ್ಪನೆಗಳು ಹಾಗೆಯೇ ಉಳಿದಿರುವುದು ಕಂಡಿತ್ತು. ಹಾರ್ವರ್ಡ್‌ನ ಎರಿಕ್ ಮಜೂರ್ ಇದನ್ನು ಓದಿ, ತನ್ನ ವಿದ್ಯಾರ್ಥಿಗಳಿಗೆ ಹೀಗಾಗಲಾರದು ಎಂಬ ನಂಬಿಕೆಯಿಂದಲೇ ಅದೇ ಪರೀಕ್ಷೆ ಕೊಟ್ಟರು. ಭಾರದ ಲಾರಿ, ಹಗುರದ ಕಾರು ಡಿಕ್ಕಿಯಾದರೆ ಯಾವುದು ಯಾವುದರ ಮೇಲೆ ಹೆಚ್ಚು ಬಲ ಹಾಕುತ್ತದೆ ಎಂಬಂಥ ಪ್ರಶ್ನೆಗಳು. ನೀವು ಕಲಿಸಿದಂತೆ ಉತ್ತರಿಸಬೇಕೋ ಅಥವಾ ನಾನು ಸಾಮಾನ್ಯವಾಗಿ ಯೋಚಿಸುವ ಹಾಗೋ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದ್ದನ್ನು ಮಜೂರ್ ಆಮೇಲೆ ಎಷ್ಟೋ ಭಾಷಣಗಳಲ್ಲಿ ನೆನೆದಿದ್ದಾರೆ. 1991ರಿಂದ ಅವರು ಉಪನ್ಯಾಸದ ನಡುವೆ ನಿಲ್ಲಿಸಿ ಒಂದು ಪ್ರಶ್ನೆ ಹಾಕುವುದು, ಪಕ್ಕದವರೊಂದಿಗೆ ವಾದಿಸಲು ಬಿಡುವುದು, ಮತ್ತೆ ಉತ್ತರ ಕೇಳುವುದು ಎಂಬ ಕ್ರಮ ತಂದರು. ಸಾಹಿತ್ಯದ ತರಗತಿಗೆ ಇದರಲ್ಲಿ ಹೊಸದೇನೂ ಕಾಣಲಾರದು. ಭೌತಶಾಸ್ತ್ರಕ್ಕೆ ಅದು ಸುಧಾರಣೆಯೇ ಆಯಿತು, ಯಾಕೆಂದರೆ ವಾದಿಸುವ ಸರದಿಯನ್ನು ಅದು ಹಲವಾರು ವರ್ಷ ಮೊದಲೇ ತಂದಿತು.

ಇತಿಹಾಸದ ಕಥೆ ಇದಕ್ಕೆ ತಲೆಕೆಳಗು. ಸಂಶೋಧನೆಯಲ್ಲಿ ಎಲ್ಲವನ್ನೂ ಪ್ರಶ್ನಿಸುವ ಶಿಸ್ತು, ತರಗತಿಯಲ್ಲಿ ಏನನ್ನೂ ಪ್ರಶ್ನಿಸದಂತೆ ಕಲಿಸುತ್ತಾ ಬಂದಿದೆ. ಅಮೆರಿಕದ ಶಿಕ್ಷಣ ಸಂಶೋಧಕ ಸ್ಯಾಮ್ ವೈನ್‌ಬರ್ಗ್ 1991ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ತೆರೆದು ತೋರಿಸಿತು. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಮೊದಲ ಗುಂಡು ಹಾರಿದ 1775ರ ಲೆಕ್ಸಿಂಗ್ಟನ್ ಕಾಳಗದ ಕುರಿತ ದಾಖಲೆಗಳನ್ನು ಅವರು ಎಂಟು ಇತಿಹಾಸಕಾರರಿಗೂ ಎಂಟು ಹೈಸ್ಕೂಲ್ ವಿದ್ಯಾರ್ಥಿಗಳಿಗೂ ಓದಲು ಕೊಟ್ಟರು. ಇತಿಹಾಸಕಾರರ ಕಣ್ಣು ಮೊದಲು ಹೋದದ್ದು ಬರೆದವರು ಯಾರು, ಯಾವಾಗ ಎಂಬ ಕೆಳಸಾಲಿಗೆ. ವಿದ್ಯಾರ್ಥಿಗಳು ಮೇಲಿನಿಂದ ಕೆಳಕ್ಕೆ ಓದಿಕೊಂಡು ಹೋದರು. ದಾಖಲೆಗಳ ನಡುವೆ ಶಾಲಾ ಪಠ್ಯಪುಸ್ತಕದ ತುಣುಕೂ ಇತ್ತು. ವಿದ್ಯಾರ್ಥಿಗಳು ಅದನ್ನೇ ಹೆಚ್ಚು ನಂಬಿದರು. ಇತಿಹಾಸಕಾರರಿಗೆ ಅದರ ಮೇಲೆ ಬಹಳ ಕಡಿಮೆ ವಿಶ್ವಾಸ. ಗಮನಿಸಬೇಕಾದ್ದೆಂದರೆ, ಆ ಎಂಟು ಮಂದಿಯಲ್ಲಿ ಅಮೆರಿಕದ ಇತಿಹಾಸ ತಮ್ಮ ಕ್ಷೇತ್ರವಲ್ಲದವರೂ ಇದ್ದರು. ಅವರ ಬಳಿ ಇದ್ದದ್ದು ಮಾಹಿತಿಯಲ್ಲ, ಓದುವ ರೀತಿ. ಆ ರೀತಿಯನ್ನು ಅವರಿಗೆ ಯಾರೂ ಪಾಠವಾಗಿ ಹೇಳಿಕೊಟ್ಟಿರಲಾರರು, ಪತ್ರಾಗಾರಗಳ ಧೂಳಿನಲ್ಲಿ ಅದು ಕೈಗೆ ಹತ್ತಿದ್ದು.

ಹಾಗಾದರೆ ಪದವಿ ತರಗತಿಯ ಇತಿಹಾಸ ಏಕೆ ಈಗಲೂ ಕಾಲಾನುಕ್ರಮದ ಓಟವಾಗಿದೆ? ಕಾಲಕ್ರಮವೇ ಈ ಶಿಸ್ತಿನ ಬೆನ್ನೆಲುಬು, ಅದನ್ನು ಮುರಿದರೆ ಇತಿಹಾಸವೇ ಅಲ್ಲವಾದೀತೆಂಬ ಅಂಜಿಕೆ. ಇಲಿನಾಯ್‌ ರಾಜ್ಯದ ಅಗಸ್ಟಾನಾ ಕಾಲೇಜಿನ ಲೆಂಡಲ್ ಕಾಲ್ಡರ್ ಆ ಅಂಜಿಕೆಯನ್ನು ದಾಟಿದರು. 2006ರಲ್ಲಿ ಅಮೆರಿಕನ್ ಇತಿಹಾಸಕಾರರ ಪ್ರಮುಖ ನಿಯತಕಾಲಿಕೆಯಲ್ಲಿ ತಮ್ಮ ಪ್ರಾರಂಭಿಕ ಕೋರ್ಸಿನ ಹೊಸ ರೂಪವನ್ನು ವಿವರಿಸಿದರು. ಎಲ್ಲವನ್ನೂ ಮುಗಿಸುವ ಹಟ ಬಿಟ್ಟು ಕೆಲವೇ ಸಮಸ್ಯೆಗಳನ್ನು ಆರಿಸಿಕೊಂಡರು. ಪ್ರತಿಯೊಂದರಲ್ಲೂ ಮೊದಲು ಚಿತ್ರ ನೋಡಿ ಪ್ರಶ್ನೆ ಹುಟ್ಟಿಸುವುದು, ಆಮೇಲೆ ಮೂಲ ದಾಖಲೆಗಳ ಮೇಲೆ ಕೆಲಸ, ಕೊನೆಗೆ ಒಂದೇ ಕಾಲದ ಬಗ್ಗೆ ಎಡಪಂಥೀಯ ಹೊವಾರ್ಡ್ ಝಿನ್ ಮತ್ತು ಸಂಪ್ರದಾಯವಾದಿ ಪಾಲ್ ಜಾನ್ಸನ್ ಬರೆದ ಎರಡು ಇತಿಹಾಸಗಳನ್ನು ಎದುರುಬದುರು ಇಟ್ಟು ಓದುವುದು. ಎರಡು ಪುಸ್ತಕಗಳು ಒಂದಕ್ಕೊಂದು ಒಪ್ಪದಿದ್ದಾಗ ವಿದ್ಯಾರ್ಥಿ ತಾನೇ ತೀರ್ಪು ಕೊಡಬೇಕಾಗುತ್ತದೆ.

ಕಾಲಕ್ರಮದ ತೊಡಕು ಕನ್ನಡ ಸಾಹಿತ್ಯದ ಐಚ್ಛಿಕ ತರಗತಿಗೂ ಹೊಸದಲ್ಲ. ಸಾಹಿತ್ಯ ಚರಿತ್ರೆಯ ದಾರಿ ಹಿಡಿದರೆ ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’, 941ರ ಪಂಪಭಾರತ ಮೊದಲು ಬರಬೇಕು. ಅಂದರೆ ಹಳಗನ್ನಡದ ಪರಿಚಯವೇ ಇಲ್ಲದ ಹುಡುಗ ಅತ್ಯಂತ ಕಠಿಣವಾದ ಪಠ್ಯವನ್ನು ಮೊದಲ ವರ್ಷವೇ ಎದುರಿಸಬೇಕು. ಇಂದಿನ ಕಥೆಗಳಿಂದ ಹಿಂದಕ್ಕೆ ಹೋದರೆ ಓದುವ ರುಚಿ ಮೊದಲು ಹತ್ತುತ್ತದೆ, ಆದರೆ ಒಬ್ಬ ಕವಿ ತನ್ನ ಹಿಂದಿನವರಿಗೆ ಹೇಗೆ ಉತ್ತರಿಸಿದ ಎಂಬ ಎಳೆ ಕೈತಪ್ಪುತ್ತದೆ. ಗಣಿತದಲ್ಲಿ ಸುಲಭದಿಂದ ಕಠಿಣಕ್ಕೆ ಹೋಗುವ ಮೆಟ್ಟಿಲನ್ನು ವಿಷಯವೇ ಇಟ್ಟುಕೊಟ್ಟಿದೆ. ಸಾಹಿತ್ಯದ ಅಧ್ಯಾಪಕರು ಅದನ್ನು ತಾವೇ ಕಟ್ಟಿಕೊಳ್ಳಬೇಕು.

ಗಣಿತದ ಮೆಟ್ಟಿಲು ಕೂಡ ಒಂದೇ ಅಲ್ಲ ಎಂದು ತೋರಿಸಿದವರು ಟೆಕ್ಸಾಸ್ ವಿಶ್ವವಿದ್ಯಾಲಯದ ಆರ್.ಎಲ್. ಮೂರ್. ಅವರ ತರಗತಿಯಲ್ಲಿ ಪುಸ್ತಕ ನಿಷಿದ್ಧ. ಮೂಲ ಪ್ರಮೇಯಗಳನ್ನಷ್ಟೇ ಕೊಟ್ಟು, ಸಾಧನೆಗಳನ್ನು ವಿದ್ಯಾರ್ಥಿಗಳೇ ಕಂಡುಹಿಡಿದು ಹಲಗೆಯ ಮೇಲೆ ಬರೆಯಬೇಕು, ಉಳಿದವರು ತಪ್ಪು ಹುಡುಕಬೇಕು. ಹಲವು ಶ್ರೇಷ್ಠ ಗಣಿತಜ್ಞರು ಅಲ್ಲಿಂದ ಬಂದರು. ಅದೇ ಮೂರ್ ಕಪ್ಪು ವಿದ್ಯಾರ್ಥಿಗಳಿಗೆ ಪಾಠ ಹೇಳಲು ನಿರಾಕರಿಸಿದರು ಎಂಬುದೂ ದಾಖಲಾಗಿರುವ ಸತ್ಯ. ಮುಂದೆ ಗಣಿತಜ್ಞೆಯಾದ ವಿವಿಯನ್ ಮಲೋನ್-ಮೇಯ್ಸ್ ಅವರಿಗೆ ಆ ಬಾಗಿಲು ತೆರೆಯಲಿಲ್ಲ. ಬೋಧನಾ ಕ್ರಮ ಎಷ್ಟೇ ಮುಕ್ತವಾಗಿದ್ದರೂ, ಯಾರನ್ನು ಒಳಗೆ ಬಿಡುತ್ತೇವೆ ಎಂಬುದು ಅದರಿಂದ ತಾನಾಗಿ ತೀರ್ಮಾನವಾಗುವುದಿಲ್ಲ.

ಕಾನೂನು ಶಿಕ್ಷಣದಲ್ಲಿ ಒಬ್ಬ ವ್ಯಕ್ತಿಯ ನಂಬಿಕೆ ಒಂದು ಶತಮಾನದ ಪಠ್ಯಕ್ರಮವಾಯಿತು. 1870ರಲ್ಲಿ ಹಾರ್ವರ್ಡ್ ಲಾ ಸ್ಕೂಲಿನ ಡೀನ್ ಆದ ಕ್ರಿಸ್ಟೊಫರ್ ಲ್ಯಾಂಗ್‌ಡೆಲ್‌ಗೆ ಕಾನೂನು ಎಂದರೆ ವಿಜ್ಞಾನ, ಗ್ರಂಥಾಲಯವೇ ಅದರ ಪ್ರಯೋಗಶಾಲೆ, ತೀರ್ಪುಗಳೇ ಮಾದರಿಗಳು. 1871ರಲ್ಲಿ ಅವರು ಕರಾರು ಕಾನೂನಿನ ತೀರ್ಪುಗಳನ್ನು ಸಂಕಲಿಸಿ ಪಠ್ಯಪುಸ್ತಕ ಮಾಡಿದರು. ಉಪನ್ಯಾಸದ ಬದಲು ಒಬ್ಬೊಬ್ಬರನ್ನೇ ಎಬ್ಬಿಸಿ ನಿಲ್ಲಿಸಿ, ತೀರ್ಪಿನ ತರ್ಕವನ್ನು ಬಿಡಿಸಿ ಹೇಳು ಎಂದು ಪ್ರಶ್ನೆಯ ಮೇಲೆ ಪ್ರಶ್ನೆ. ಮುಂದೆ ಅಮೆರಿಕದ ಲಾ ಸ್ಕೂಲುಗಳೆಲ್ಲ ಇದನ್ನೇ ಅನುಸರಿಸಿದವು. ಶಿಕ್ಷಣತಜ್ಞ ಲೀ ಶುಲ್ಮನ್ 2005ರಲ್ಲಿ, ಪ್ರತಿ ವೃತ್ತಿಗೂ ಅದರ ಗುರುತಾಗಿಬಿಟ್ಟ ಬೋಧನಾ ಕ್ರಮ ಒಂದಿರುತ್ತದೆ ಎಂದು ವಾದಿಸುವಾಗ ಕಾನೂನು ತರಗತಿಯನ್ನೂ ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಯ ಮಂಚದ ಸುತ್ತ ನಡೆಯುವ ಪಾಠವನ್ನೂ ಉದಾಹರಿಸಿದರು. ಆ ಕ್ರಮ ಯಾವುದನ್ನು ಕಲಿಸುವುದಿಲ್ಲವೋ ಅದೂ ಅದರ ಭಾಗವೇ ಎಂಬುದು ಅವರ ಮಾತಿನ ತೂಕದ ಅಂಶ. ತೀರ್ಪುಗಳನ್ನೇ ಓದಿದವರಿಗೆ ಶಾಸನಸಭೆ ಮಾಡುವ ಕಾಯ್ದೆ, ಇಲಾಖೆಗಳು ಹೊರಡಿಸುವ ನಿಯಮಗಳು ಅಂಚಿಗೆ ಸರಿದವು. ಕೊನೆಗೆ 2006ರಲ್ಲಿ ಹಾರ್ವರ್ಡೇ ಮೊದಲ ವರ್ಷದ ಪಠ್ಯಕ್ರಮಕ್ಕೆ ಶಾಸನ ಮತ್ತು ನಿಯಂತ್ರಣದ ಕೋರ್ಸನ್ನು ಸೇರಿಸಿತು.

ಅಮೆರಿಕದಲ್ಲಿ ಕಾನೂನು ಎಂಬುದು ಪದವಿ ಮುಗಿಸಿದ ನಂತರದ ಓದು. ಬೆಂಗಳೂರಿನಲ್ಲಿ ಎನ್.ಆರ್. ಮಾಧವ ಮೆನನ್ ಕಟ್ಟಿದ ನ್ಯಾಷನಲ್ ಲಾ ಸ್ಕೂಲಿನಲ್ಲಿ 1988ರಲ್ಲಿ ತರಗತಿಗಳು ಶುರುವಾದಾಗ, ಪಿಯುಸಿ ಮುಗಿಸಿದವರೇ ಐದು ವರ್ಷದ ಸಂಯುಕ್ತ ಕೋರ್ಸಿಗೆ ಬಂದರು. ಒಬ್ಬ ವಿದ್ಯಾರ್ಥಿ ಒಂದು ಗಂಟೆ ಇತಿಹಾಸ ಅಥವಾ ಸಮಾಜಶಾಸ್ತ್ರದಲ್ಲಿ ಕುಳಿತು ಕಾನೂನು ಯಾರ ಹಿತಕ್ಕಾಗಿ ಹುಟ್ಟಿತು ಎಂದು ಕೇಳುವುದು, ಮುಂದಿನ ಗಂಟೆ ಕರಾರು ಕಾನೂನಿನಲ್ಲಿ ಕುಳಿತು ಆ ಪ್ರಶ್ನೆ ಬದಿಗಿಟ್ಟು ಕಲಮಿನ ಅರ್ಥ ಬಿಡಿಸುವುದು. ಎರಡು ಶಿಸ್ತುಗಳ ನಡುವೆ ದಿನವೂ ಓಡಾಡುವ ಈ ಅಭ್ಯಾಸ ದೊಡ್ಡ ಲಾಭ. ಪಠ್ಯಕ್ರಮ ಅದನ್ನು ವಿದ್ಯಾರ್ಥಿಯ ತಲೆಯೊಳಗೆ ಬಿಟ್ಟುಬಿಡದೆ ತರಗತಿಯಲ್ಲೇ ಚರ್ಚೆಗೆ ತಂದರೆ ಆ ಲಾಭ ಇನ್ನೂ ಹೆಚ್ಚೀತು.

ಅರ್ಥಶಾಸ್ತ್ರದ ಮೊದಲ ವರ್ಷಕ್ಕೆ ಆಧುನಿಕ ರೂಪ ಕೊಟ್ಟದ್ದು ಪಾಲ್ ಸ್ಯಾಮ್ಯುಯೆಲ್ಸನ್ 1948ರಲ್ಲಿ ಬರೆದ ಪಠ್ಯಪುಸ್ತಕ. ಮುಂದೆ ಆ ಪರಂಪರೆಯಲ್ಲಿ ಬೇಡಿಕೆ–ಪೂರೈಕೆಯ ರೇಖೆಗಳು, ಸಮತೋಲನ, ಆಮೇಲೆ ಅಪವಾದಗಳು ಎಂಬ ಕ್ರಮ ನೆಲೆಯೂರಿತು. ಅಸಮಾನತೆ, ಬಿಕ್ಕಟ್ಟು, ನಿರುದ್ಯೋಗ ಎಲ್ಲವೂ ಮಾದರಿ ಕಲಿತ ಮೇಲೆ. ತನ್ನನ್ನು ಭೌತಶಾಸ್ತ್ರದ ಸಾಲಿನಲ್ಲಿ ಕಂಡುಕೊಂಡ ಸಮಾಜವಿಜ್ಞಾನ ತನ್ನ ಕೋರ್ಸನ್ನೂ ಹಾಗೆಯೇ ಜೋಡಿಸಿತು. 2008ರ ಆರ್ಥಿಕ ಕುಸಿತದ ಮೇಲೆ ವಿದ್ಯಾರ್ಥಿಗಳೇ ಎದ್ದರು. ಬ್ಯಾಂಕುಗಳು ಉರುಳುತ್ತಿರುವಾಗ ತರಗತಿಯಲ್ಲಿ ಅದರ ಸದ್ದೇ ಇಲ್ಲವಲ್ಲ ಎಂದು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ 2012ರಲ್ಲಿ ಸಂಘ ಕಟ್ಟಿ ಪಠ್ಯಕ್ರಮ ಬದಲಿಸಲು ಒತ್ತಾಯಿಸಿದರು. ಅದೇ ಹೊತ್ತಿಗೆ ಅರ್ಥಶಾಸ್ತ್ರಜ್ಞರಾದ ವೆಂಡಿ ಕಾರ್ಲಿನ್, ಸ್ಯಾಮ್ಯುಯೆಲ್ ಬೌಲ್ಸ್ ಮೊದಲಾದವರು ‘ಕೋರ್’ ಎಂಬ ಯೋಜನೆಯಡಿ ಉಚಿತ ಪಠ್ಯಪುಸ್ತಕ ಸಿದ್ಧಪಡಿಸತೊಡಗಿದರು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಅರ್ಜುನ್ ಜಯದೇವ್ ಅದರ ಲೇಖಕರಲ್ಲೊಬ್ಬರು. ಅದರ ಮೊದಲ ಅಧ್ಯಾಯ ತೆರೆದುಕೊಳ್ಳುವುದು ಶತಮಾನಗಟ್ಟಲೆ ಸಮತಟ್ಟಾಗಿದ್ದ ಜೀವನಮಟ್ಟ ಕೆಲವು ದೇಶಗಳಲ್ಲಿ ಮಾತ್ರ ಹಠಾತ್ತನೆ ಏರಿದ್ದು ಹೇಗೆ ಎಂಬಲ್ಲಿಂದ. ಉಪಕರಣಗಳು ಆ ಪ್ರಶ್ನೆಯ ಹಿಂದೆ ಬರುತ್ತವೆ. ಮೊದಲ ಅಧ್ಯಾಯ ಯಾವುದು ಎಂಬ ಆಯ್ಕೆಯೇ ಒಂದು ಸಿದ್ಧಾಂತ.

ಸಮಾಜಶಾಸ್ತ್ರಕ್ಕೆ ಮೈಸೂರು ಸೀಮೆಯದೇ ಉದಾಹರಣೆಯಿದೆ. ಎಂ.ಎನ್. ಶ್ರೀನಿವಾಸ್ 1948ರಲ್ಲಿ ‘ರಾಂಪುರ’ ಎಂದು ಹೆಸರಿಟ್ಟ ಹಳ್ಳಿಯಲ್ಲಿ ನೆಲೆಸಿ ಅಧ್ಯಯನ ಮಾಡಿದವರು. ಜಾತಿಯನ್ನು ಗ್ರಂಥಗಳಲ್ಲಿ ಕಾಣುವುದಕ್ಕೂ ನೆಲದ ಮೇಲೆ ಕಾಣುವುದಕ್ಕೂ ಇರುವ ಅಂತರವನ್ನು ಜೀವನವಿಡೀ ಒತ್ತಿ ಹೇಳಿದರು, 1959ರಲ್ಲಿ ದೆಹಲಿ ವಿಶ್ವವಿದ್ಯಾಲಯದಲ್ಲಿ ವಿಭಾಗ ಕಟ್ಟುವಾಗಲೂ ಕ್ಷೇತ್ರಕಾರ್ಯಕ್ಕೆ ಮೊದಲ ಮಣೆ ಹಾಕಿದರು. ಆದರೆ ಪದವಿ ತರಗತಿಯಲ್ಲಿ ಶ್ರೀನಿವಾಸ್ ಬರುವುದು ಬಹುಮಟ್ಟಿಗೆ ‘ಸಂಸ್ಕೃತೀಕರಣ’ ಎಂಬ ಅವರ ಪರಿಕಲ್ಪನೆಯ ಕುರಿತ ಹತ್ತು ಅಂಕದ ಟಿಪ್ಪಣಿಯಾಗಿ. ಹಳ್ಳಿಯಿಂದ ಬಸ್ಸಿನಲ್ಲಿ ಬಂದ ವಿದ್ಯಾರ್ಥಿನಿ ತನ್ನ ಊರಲ್ಲಿ ಕಂಡದ್ದನ್ನು ಬರೆದರೆ ಅದಕ್ಕೆ ಅಂಕ ಸಿಗುವ ಜಾಗವನ್ನು ಪ್ರಶ್ನೆಪತ್ರಿಕೆ ಬಿಟ್ಟಿರುವುದಿಲ್ಲ. ಶಿಸ್ತಿನ ಅತ್ಯುತ್ತಮ ಗುಣ ಅದರ ಪ್ರಾರಂಭಿಕ ಕೋರ್ಸಿಗೇ ತಲುಪದಿರುವುದು ನೋವಿನ ಸಂಗತಿ.

ಇದಕ್ಕೆ ಅಧ್ಯಾಪಕರನ್ನಷ್ಟೇ ದೂರುವುದು ನ್ಯಾಯವಲ್ಲ. ಕರ್ನಾಟಕದ ಸಂಯೋಜಿತ ಕಾಲೇಜುಗಳಲ್ಲಿ ಪಾಠ ಮಾಡುವವರು ಸಿಲೆಬಸ್ ಬರೆಯುವುದಿಲ್ಲ. ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿ, ಅಂದರೆ ಬಿಓಎಸ್, ಅದನ್ನು ಘಟಕಗಳಾಗಿ, ಗಂಟೆಗಳಾಗಿ ಹಂಚಿ ಕಳಿಸುತ್ತದೆ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಜಾರಿಗೆ ತಂದ ಮೊದಲ ರಾಜ್ಯವಾದ ಕರ್ನಾಟಕ ನಾಲ್ಕು ವರ್ಷದ ಪದವಿಗೆ ತೆರೆದುಕೊಂಡಿತು. 2024ರಲ್ಲಿ ಮೂರು ವರ್ಷಕ್ಕೆ ಮರಳಿತು. ಎರಡು ಸಲವೂ ಮಂಡಳಿಗಳು ಅವಸರದಲ್ಲಿ ಸೇರಿ ಹಳೆಯ ಘಟಕಗಳನ್ನು ಹೊಸ ಚೌಕಟ್ಟಿಗೆ ಹೊಂದಿಸಬೇಕಾಯಿತು. ಆ ಚೌಕಟ್ಟಿನ ತಲೆಯಲ್ಲಿ ಈಗ ‘ಕೋರ್ಸ್ ಔಟ್‌ಕಮ್’ ಎಂಬ ಅಂಕಣವಿದೆ. ಟೈಲರ್ ಬಯಸಿದ ಗುರಿಗಳ ಪಟ್ಟಿಯೇ ಅದು. ಎಂಜಿನಿಯರಿಂಗ್ ಪದವಿಗಳಿಗೆ ದೇಶಗಳು ಪರಸ್ಪರ ಮಾನ್ಯತೆ ಕೊಡುವ ವಾಷಿಂಗ್ಟನ್ ಒಪ್ಪಂದಕ್ಕೆ 2014ರಲ್ಲಿ ಭಾರತ ಪೂರ್ಣ ಸದಸ್ಯನಾದ ಮೇಲೆ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬೇರೂರಿದ ಫಲಿತಾಂಶ ಆಧಾರಿತ ಶಿಕ್ಷಣದ ಭಾಷೆ ಈಗ ಕಲಾ ವಿಭಾಗಕ್ಕೂ ಬಂದಿದೆ. ಸೇತುವೆಯ ವಿನ್ಯಾಸ ಕಲಿಸುವಾಗ ಕೊನೆಗೆ ವಿದ್ಯಾರ್ಥಿ ಏನು ಮಾಡಬಲ್ಲವನಾಗಬೇಕೆಂದು ಮೊದಲೇ ಬರೆಯುವುದು ಸಹಜ, ಅಗತ್ಯ ಕೂಡ. ಒಂದು ಕಾದಂಬರಿಯನ್ನು ಓದಿಸುವಾಗ, ಓದುಗ ಎಲ್ಲಿ ಮುಟ್ಟುತ್ತಾನೆಂದು ಮೊದಲೇ ಬರೆದಿಟ್ಟರೆ ಅವನ ಸ್ವಂತ ಓದಿಗೆ ಜಾಗ ಉಳಿಯುವುದಿಲ್ಲ. ಒಂದೇ ನಮೂನೆಯನ್ನು ಎರಡಕ್ಕೂ ಹೊಲಿದರೆ ಒಂದಕ್ಕೆ ಅದು ಬಿಗಿಯಾಗುತ್ತದೆ.

ಶಿಸ್ತಿನ ಅಚ್ಚನ್ನು ಉಳಿಸಿಕೊಂಡೇ ಅದರ ಕುರುಡು ಬದಿಯನ್ನು ಕಾಣುವ ಉಪಾಯವೊಂದನ್ನು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಜೋನ್ ಮಿಡೆನ್‌ಡಾರ್ಫ್ ಮತ್ತು ಇತಿಹಾಸಕಾರ ಡೇವಿಡ್ ಪೇಸ್ ರೂಪಿಸಿದರು. 2004ರಲ್ಲಿ ಅದರ ಕುರಿತ ಪುಸ್ತಕ ಬಂತು. ತನ್ನ ಕೋರ್ಸಿನಲ್ಲಿ ವರ್ಷವರ್ಷವೂ ವಿದ್ಯಾರ್ಥಿಗಳು ಸಿಕ್ಕಿಬೀಳುವ ಒಂದು ಜಾಗವನ್ನು ಅಧ್ಯಾಪಕ ಗುರುತಿಸುತ್ತಾನೆ. ಆಮೇಲೆ ಇಬ್ಬರು ಅವನನ್ನು ಕೂರಿಸಿಕೊಂಡು, ಅಲ್ಲಿ ನೀವಾದರೆ ಏನು ಮಾಡುತ್ತೀರಿ, ಅದಕ್ಕೂ ಮುಂಚೆ ಏನು, ಅದು ನಿಮಗೆ ಹೇಗೆ ಗೊತ್ತಾಯಿತು ಎಂದು ಬಿಡದೆ ಕೇಳುತ್ತಾರೆ. ಕೇಳುವವರು ಬೇರೆ ವಿಷಯದವರಾಗಿದ್ದರೆ ಒಳ್ಳೆಯದು, ಯಾಕೆಂದರೆ ಅದೇ ವಿಷಯದವರು ‘ಹೌದು ಹೌದು’ ಎಂದು ತಲೆಯಾಡಿಸಿ ಮುಂದಕ್ಕೆ ಹೋಗುತ್ತಾರೆ. ಹೊರಗಿನವರಿಗೆ ಅರ್ಥವಾಗದ ಕಡೆಯಲ್ಲೇ, ತಾನು ಎಂದೂ ಬಾಯಿಬಿಟ್ಟು ಕಲಿಸದ ಹೆಜ್ಜೆಯೊಂದು ಅಧ್ಯಾಪಕನಿಗೆ ಕಾಣುತ್ತದೆ.

ನಮ್ಮ ಅಧ್ಯಯನ ಮಂಡಳಿಗಳಲ್ಲಿ ಅಧ್ಯಕ್ಷರು, ಸದಸ್ಯರು, ಹೊರಗಿನಿಂದ ಬರುವ ತಜ್ಞರು ಸಾಮಾನ್ಯವಾಗಿ ಎಲ್ಲರೂ ಅದೇ ವಿಷಯದವರು. ಭೌತಶಾಸ್ತ್ರದ ಸಿಲೆಬಸ್ ಚರ್ಚೆಯಲ್ಲಿ ಒಬ್ಬ ಇತಿಹಾಸದ ಅಧ್ಯಾಪಕಿ, ಇತಿಹಾಸದ ಚರ್ಚೆಯಲ್ಲಿ ಒಬ್ಬ ಗಣಿತದ ಅಧ್ಯಾಪಕರು ಮತವಿಲ್ಲದೆಯಾದರೂ ಕುಳಿತು, ಈ ಘಟಕ ಇಲ್ಲೇ ಏಕೆ ಬರಬೇಕು, ಇದರಲ್ಲಿ ವಿದ್ಯಾರ್ಥಿ ವಾದಿಸುವುದು ಯಾವ ವಾರದಲ್ಲಿ ಎಂದು ಕೇಳುವುದಕ್ಕೆ ಹೆಚ್ಚು ಖರ್ಚಿಲ್ಲ. ಮುಂದಿನ ಪರಿಷ್ಕರಣೆಯ ಸಭೆಗೆ ಇನ್ನೊಂದು ಕುರ್ಚಿ, ಇನ್ನೊಂದು ಆಹ್ವಾನ ಪತ್ರ ಸಾಕು.